ಎಡಗೈ ಹೇಳಿದ ನಿಜ

"ಮುಂದಿನವರು ಬನ್ನಿ..." ಎನ್ನುತ್ತ ಡಾಕ್ಟರ್ ತಲೆಯೆತ್ತಿದಳು.

ಬಾಗಿಲಲ್ಲಿ ಅವನು!

ಐದು ತಿಂಗಳ ಹಿಂದೆ, ಮದುವೆ ಇನ್ನೇನು ಗೊತ್ತಾಗಬೇಕು ಎನ್ನುವಾಗ, 'ನನಗೆ ಮನಸ್ಸಿಲ್ಲ' ಎಂದು ಒಂದೇ ಸಾಲು ಕಳಿಸಿ ಮರೆಯಾಗಿದ್ದವನು. ಈ ಕೋಣೆಯ ಬಾಗಿಲಿಗೆ 'ನರ ಮತ್ತು ಸ್ನಾಯು ಪರೀಕ್ಷೆ' ಎಂಬ ಬೋರ್ಡ್ ಬರೆಯಲು ಬಂದು, ಒಂದು ದಿನದ ಕೆಲಸವನ್ನು ಅವಳಿಗಾಗಿಯೇ ಒಂದು ವಾರ ಎಳೆದವನು.

ಈಗ ಅವನ ಬಲಗೈ ಮಣಿಕಟ್ಟಿನಿಂದ ಕೆಳಗೆ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

"ಏಣಿಯಿಂದ ಬಿದ್ದು ತೋಳು ಮುರ್ಕೊಂಡ," ಎಂದಳು ಹಿಂದೆಯೇ ಬಂದ ಅವನ ಅಕ್ಕ. "ಮೂಳೆ ಕೂಡ್ತು, ಕೈ ಏಳ್ತಿಲ್ಲ. ಮಾತೂ ಬಿಟ್ಟಿದ್ದಾನೆ, ಅದಕ್ಕೇ ನಾನು ಹೇಳ್ತಿದೀನಿ. ಇಲ್ಲಿಗೆ ಬರಲ್ಲ ಅಂತ ಒಂದೇ ಹಟ! ಊರಿಗೆಲ್ಲ ಈ ಮೆಷಿನ್ ಇರೋದು ಇಲ್ಲೊಂದೇ ಅಲ್ವೇನಮ್ಮ?"

"ಬಿದ್ದಿದ್ದು ಯಾವಾಗ, ಅಕ್ಕ?"

"ನಿನ್ನ ಬೇಡ ಅಂದನಲ್ಲ, ಅದೇ ವಾರ."

ಡಾಕ್ಟರ್ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು.

'ಹಾಗಾದರೆ... ಮನಸ್ಸಿಲ್ಲ ಅಂದಿದ್ದು...'

"ನೀವು ಹೊರಗೆ ಕೂತಿರಿ ಅಕ್ಕ," ಎಂದಷ್ಟೇ ಹೇಳಿದಳು.

ಸರ್ಜನ್ ಬರೆದ ಚೀಟಿ ಸ್ಪಷ್ಟವಾಗಿತ್ತು. ಮೂಳೆ ಮುರಿದಲ್ಲಿ, ಕೈ ಎತ್ತುವ ನರಕ್ಕೆ ಪೆಟ್ಟು ಬಿದ್ದಿದೆ. ನರ ಚಿಗುರುವ ಸುಳಿವು ಸಿಕ್ಕರೆ ಕಾಯುವುದು. ಸಿಗದಿದ್ದರೆ, ಬೇರೆ ಸ್ನಾಯುವಿನ ಎಳೆಯನ್ನು ತಂದು ಮಣಿಕಟ್ಟಿಗೆ ಕಟ್ಟುವುದು. ಆಗ ಕೈಯೇನೋ ಏಳುತ್ತದೆ, ಆದರೆ ಬೆರಳುಗಳು ಒಂದೊಂದಾಗಿ ಏಳುವುದಿಲ್ಲ. ಕುಂಚ ಹಿಡಿದು ಕೂದಲೆಳೆಯ ಗೆರೆ ಎಳೆಯುವವನಿಗೆ ಅದು ಸಾಲದು.

ತೆಳುವಾದ ಸೂಜಿಯನ್ನು ಮುಂಗೈಯ ಸ್ನಾಯುವಿಗೆ ಇಳಿಸಿದಳು. ಅವನು ಗೋಡೆ ನೋಡುತ್ತಿದ್ದ.

ಸ್ಪೀಕರಿನಲ್ಲಿ ಚಿಟಪಟ ಸದ್ದು, ತಗಡಿನ ಮೇಲೆ ಮರಳು ಚೆಲ್ಲಿದ ಹಾಗೆ.

"ಬಂತಾ?" ಅವನ ಮೊದಲ ಮಾತು.

"ಇದಲ್ಲ. ಸುಮ್ಮನಿದ್ದಾಗ ಸ್ನಾಯು ಸದ್ದು ಮಾಡಬಾರದು. ನರದ ಸಂಪರ್ಕ ತಪ್ಪಿದರೆ ಹೀಗೆ ತನ್ನಷ್ಟಕ್ಕೇ ಮಿಡೀತಿರುತ್ತೆ. ನನಗೆ ಬೇಕಾಗಿರೋದು ನೀವು ಹೇಳಿದ್ದಕ್ಕೆ ಅದು ಕೊಡೋ ಉತ್ತರ. ಕೈ ಎತ್ತಿ."

ಅದೇ ಮರಳಿನ ಸದ್ದು. ಉತ್ತರವಿಲ್ಲ.

"ಇನ್ನೊಮ್ಮೆ."

ಇಲ್ಲ. ಸೂಜಿಯನ್ನು ತುಸು ಸರಿಸಿದಳು. ಅಲ್ಲೂ ಇಲ್ಲ...

"ಬರೆದುಬಿಡಿ ಡಾಕ್ಟ್ರೇ," ಎಂದ ಅವನು, ಎದುರಿಗಿರುವವಳು ಯಾರೋ ಎಂಬಂತೆ. "ಸತ್ತುಹೋಗಿದೆ ಅಂತ."

ಅವಳ ಕಣ್ಣು ಅವನ ಮುಖದ ಮೇಲೆಯೇ ನಿಂತಿತು. ಏಳದ ಕೈಯನ್ನು ಎತ್ತಲು ಹೊರಟವರು ಹಲ್ಲು ಕಚ್ಚುತ್ತಾರೆ, ಹೆಗಲು ಬಿಗಿಯುತ್ತಾರೆ. ಇವನ ದವಡೆ ಸಡಿಲವಾಗಿತ್ತು.

"ಎರಡೂ ಕೈ ಒಟ್ಟಿಗೆ ಎತ್ತಿ."

ಬಲಗೈ ಅಲುಗಲಿಲ್ಲ. ಏನೂ ಆಗದ ಎಡಗೈ... ಅರ್ಧ ಎದ್ದು ನಿಂತಿತು!

"ಈ ಕೈಗೇನು ಬಂತು ರೋಗ?"

ಅವನು ಎಡಗೈಯನ್ನು ಕೆಳಗಿಳಿಸಿದ.

"ನೀನು ಪ್ರಯತ್ನಾನೇ ಪಡ್ತಿಲ್ಲ!" 'ನೀವು' ಎಲ್ಲಿ ಹೋಯಿತೋ. "ಮಿದುಳು ಆಜ್ಞೆ ಕೊಡದಿದ್ದರೆ ಸ್ನಾಯುವಿನಿಂದ ಏನು ಬರುತ್ತೆ? ನಾನು ಸುಳ್ಳು ರಿಪೋರ್ಟ್ ಬರೀಬೇಕಾ? ಇದನ್ನ ನಂಬಿ ಸರ್ಜನ್ ಕೈ ಕೊಯ್ಯಬೇಕಾ?"

"ಪೂರ್ತಿ ಎತ್ತೋಕೆ ಹೋಗಿ, ಆಗಲೂ ಬರದಿದ್ರೆ?" ಅವನ ದನಿ ಒಡೆಯಿತು. "ಅದನ್ನ ನಿನ್ನ ಬಾಯಿಂದ ಕೇಳಬೇಕಾ ನಾನು? ನಿನಗೆ ಎಂಥ ಗಂಡ ಆಗ್ತೀನಿ ಹೇಳು... ಕೂತು ಉಣ್ಣೋನು?"

"ಅದಕ್ಕೇ ಬೇಡ ಅಂದೆಯಾ! ನನ್ನ ಒಂದು ಮಾತು ಕೇಳದೆ? ನನ್ನಲ್ಲೇ ಏನೋ ಕೊರತೆ ಅಂತ ಐದು ತಿಂಗಳು ಕನ್ನಡಿ ನೋಡ್ಕೊಂಡೆ ಕಣೋ!"

ಅವನು ತಲೆ ತಗ್ಗಿಸಿದ.

ಅವಳು ಕಣ್ಣೊರೆಸಿಕೊಂಡಳು. ಸೂಜಿಯನ್ನು ಮತ್ತೆ ಸರಿಯಾಗಿ ಹಿಡಿದಳು.

"ಕೇಳು. ಸದ್ದು ಬರಲಿ, ಬಿಡಲಿ, ಸಂಜೆ ನಾನು ನಿಮ್ಮನೆಗೆ ಬರ್ತೀನಿ. ಜಗಳ ಬಾಕಿ ಇದೆ. ಅದಕ್ಕೂ ಈ ಮೆಷಿನ್‌ಗೂ ಸಂಬಂಧ ಇಲ್ಲ. ಈಗ ಎತ್ತು."

ಅವನು ಕಣ್ಣು ಮುಚ್ಚಿದ. ಎಡಗೈ ಸರ್ರನೆ ಮೇಲೆದ್ದಿತು. ಕತ್ತಿನ ನರ ಉಬ್ಬಿತು, ಹಣೆ ಬೆವರಿತು...

ಮರಳಿನ ಸದ್ದು. ಬರೀ ಮರಳು...

ಟಕ್.

ಅವಳು ಪರದೆಯತ್ತ ಬಾಗಿದಳು.

ಟಕ್... ಟಕ್, ಟಕ್ ಟಕ್ ಟಕ್!

"ಬಿಡು." ನಿಂತಿತು. "ಎತ್ತು." ಮತ್ತೆ ಟಕ್ ಟಕ್ ಟಕ್! ಪರದೆಯ ಮೇಲೆ ಪುಟ್ಟ, ಸೊಟ್ಟಪಟ್ಟ ಅಲೆಗಳು. ಆಗಷ್ಟೇ ಸ್ನಾಯುವನ್ನು ಮುಟ್ಟಿದ ಎಳೆಯ ನರದ ಗುರುತು.

ಅವನು ಕಣ್ಣು ತೆರೆದು ಕೈ ನೋಡಿಕೊಂಡ. "ಅಲ್ಲಾಡಲೇ ಇಲ್ಲವಲ್ಲೇ..."

"ಮೊದಲು ಬರೋದು ಈ ಮಿಡಿತ. ಕೈ ಏಳೋದು ಆಮೇಲೆ, ತಿಂಗಳುಗಳು ಹಿಡೀಬಹುದು. ಪೂರ್ತಿ ಮೊದಲಿನ ಹಾಗಾಗುತ್ತೆ ಅಂತ ನಾನು ಹೇಳಲ್ಲ." ಅವಳು ಸೂಜಿ ತೆಗೆದು, ಆ ಜಾಗಕ್ಕೆ ಹತ್ತಿ ಒತ್ತಿದಳು. ಒತ್ತಿದ ಬೆರಳು ಅಲ್ಲೇ ಉಳಿಯಿತು. "ಆದರೆ ಸತ್ತಿಲ್ಲ. ಹಾಗಂತ ಬರೀತೀನಿ."

ಅವನ ಎಡಗೈ ಮೆಲ್ಲಗೆ ಬಂದು ಅವಳ ಬೆರಳುಗಳನ್ನು ಮುಚ್ಚಿತು. ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ.

"ಮನಸ್ಸಿಲ್ಲ ಅಂದಿದ್ದೆ..."

"ಈಗ?"

"ಸಂಜೆ ಬೇಗ ಬಾ. ಜಗಳಕ್ಕೆ."