ಬಾಲಪ್ಪನ ಭುಜದ ಮೊಳೆ

"ಅಕ್ಕಾರ, ಸಂಜಿ ಒಳಗ ನನ್ನ ಮ್ಯಾಲೆ ಕಳವಿನ ಕೇಸು ಕೊಡ್ತಾರಂತ್ರಿ," ಎಂದು ರೂಪಾ ಬಾಗಿಲಲ್ಲೇ ನಿಂತು ಹೇಳಿದಳು.

ದಾನೇಶ್ವರಿ ಅಕ್ಕ ಮೊರದಲ್ಲಿದ್ದ ಅಕ್ಕಿಯಿಂದ ಕಣ್ಣೆತ್ತಲಿಲ್ಲ. "ಒಳಗ ಬಾ, ಕುಂದ್ರು. ಹಂಪಣ್ಣಾ, ನೀರು ಕೊಡು," ಎಂದು ನನಗೆ ಹೇಳಿ, "ಏನು ಕಳವಾಗೈತಿ?" ಎಂದರು.

"ಒಂದು ಮೊಳಿ ರೀ."

ಆಗ ಅಕ್ಕ ಮೊರವನ್ನು ಪಕ್ಕಕ್ಕಿಟ್ಟರು.

ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಿಂದ ನಿವೃತ್ತರಾದ ಅವರು ಗಂಗಾವತಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದರು. ನಾನು ರೈಸ್ ಮಿಲ್ಲಿನ ಕೆಲಸ ಬಿಟ್ಟ ಮೇಲೆ ಬೆಳಗ್ಗೆ ಅವರಿಗೆ ಸ್ಕೂಟರ್ ಓಡಿಸುತ್ತಿದ್ದೆ, ಸಂಜೆ ಮಠದಲ್ಲಿ ಪುರಾಣ ಕೇಳುತ್ತಿದ್ದೆ. ಅಜ್ಜ ದೀಪದ ಮುಂದೆ ಕಾವ್ಯ ಓದುವಾಗ ತೂಕಡಿಸದೆ ಕೂತು ಕೇಳಿ ಬೆಳೆದವನು ನಾನು. ಮಾತನಾಡುವುದಕ್ಕಿಂತ ಕೇಳುವುದೇ ನನಗೆ ಹೆಚ್ಚು ಬರುತ್ತದೆ.

ರೂಪಾ ಗಿಣಿಗೇರಿಯ ಹುಡುಗಿ. ನಮ್ಮೂರಿನ ಒಂದು ಖಾಸಗಿ ಎಲುಬಿನ ಆಸ್ಪತ್ರೆಯಲ್ಲಿ ಆಪರೇಶನ್ ಕೋಣೆಯ ನರ್ಸ್. ಅವಳು ಹೇಳಿದ್ದು ಇಷ್ಟು. ಕಿನ್ನಾಳದ ಗೊಂಬೆ ಮಾಡುವ ಬಾಲಪ್ಪನ ಬಲಭುಜದ ಸ್ನಾಯು ಎಲುಬಿನಿಂದ ಕಿತ್ತು ಬಂದಿತ್ತು. ಅದನ್ನು ಮತ್ತೆ ಎಲುಬಿಗೆ ಹೊಂದಿಸಲು ಒಂದು ಸಣ್ಣ ತಿರುಪಿನ ಮೊಳೆ ಬೇಕು. ಆಸ್ಪತ್ರೆಯವರು ಅದಕ್ಕೆ ಆ್ಯಂಕರ್ ಎನ್ನುತ್ತಾರೆ. ಭತ್ತದ ಕಾಳಿಗಿಂತ ತುಸು ದಪ್ಪ, ಹಿಂಬದಿಯ ಕಣ್ಣಿನಲ್ಲಿ ಗಟ್ಟಿ ದಾರ. ಮೊಳೆಯನ್ನು ಎಲುಬಿನೊಳಗೆ ತಿರುಪಿ ಕೂಡಿಸಿ, ಆ ದಾರದಿಂದ ಸ್ನಾಯುವನ್ನು ಎಳೆದು ಕಟ್ಟುತ್ತಾರೆ. ಉದ್ದನೆಯ ಹಿಡಿಕೆಯ ತುದಿಗೆ ಸಿಕ್ಕಿಸಿದ ಮೊಳೆ, ಕಾಗದದ ಮುಚ್ಚಳ ಅಂಟಿಸಿದ ತಟ್ಟೆಯಲ್ಲಿ ಬರುತ್ತದೆ; ಅದಕ್ಕೆ ಡಬ್ಬಿ ಎಂದೂ ಅನ್ನುತ್ತಾರೆ.

"ಮೊಳಿ ಕಂಪನಿಯಾಂವ, ಕೊಪ್ಪಳದ ಸುಭಾಷ್ ತಂದುಕೊಟ್ಟ ರೀ. ಕಪಾಟಿನಾಗ ಇಟ್ಟು ಕೀಲಿ ಹಾಕಿದೆ. ಕೀಲಿ ನನ್ನ ಸೊಂಟದಾಗ. ಮರುದಿನ ಬಾಲಪ್ಪಜ್ಜಗ ಮಂಪರು ಕೊಡೂ ಮುಂಚೆ ಡಾಕ್ಟರ್ರು ತಟ್ಟಿ ಬಿಚ್ಚಿದ್ರು. ಹಿಡಿಕಿ ಐತಿ, ತುದಿಗೆ ಮೊಳಿ ಇಲ್ಲ, ದಾರಾನೂ ಇಲ್ಲ."

"ತಟ್ಟಿ ಮುಚ್ಚಿತ್ತು?"

"ಮುಚ್ಚಿತ್ರಿ."

"ಆವತ್ತು ಮುಂಜಾನೆ ಮತ್ತೇನಾತು? ಸಣ್ಣದಾದ್ರೂ ಹೇಳು."

"ಏನಿಲ್ರಿ. ಅಜ್ಜನ ತೋಳಿನ ದಾರ, ತಾಯತ ಎಲ್ಲಾ ಬಿಚ್ಚಿ ಅವರ ಹೆಂಡತಿ ಯಂಕವ್ವಮ್ಮನ ಕೈಯಾಗ ಕೊಟ್ಟೆ. ಆಕಿ ಒಂದು ಗಂಟು ಹಿಡಕೊಂಡು, ಇದನ್ನಷ್ಟ ಡಾಕ್ಟರೇ ಬಿಚ್ಚಲಿ ಅಂತ ಹಟ ಮಾಡಿದ್ರು, ಅದನ್ನೂ ನಾನ ಬಿಚ್ಚಿ ಕೊಟ್ಟೆ. ಎಲ್ಲಾ ಮಂದಿ ಹಂಗ ಅಂತಾರ್ರಿ. ಈ ಕೇಸ್ ಬಿದ್ರ ಮತ್ತ ಯಾವ ಆಸ್ಪತ್ರೆಯೂ ನನ್ನ ಒಳಗ ಕರಿಯೂದಿಲ್ಲ ಅಕ್ಕಾರ."

ಡಾಕ್ಟರ್ ಕಾಶಿನಾಥ ನಮ್ಮನ್ನು ಅಷ್ಟೇನೂ ಖುಷಿಯಿಂದ ಬರಮಾಡಿಕೊಳ್ಳಲಿಲ್ಲ. "ಒಂದ ಕಪಾಟು, ಒಂದ ಕೀಲಿ. ಇದರಾಗ ಪತ್ತೆ ಮಾಡೂದು ಏನೈತ್ರಿ?"

"ಏನೂ ಇಲ್ಲದಿದ್ರ ಲಗೂನ ಮುಗೀತೈತಿ," ಎಂದು ಅಕ್ಕ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಮುಚ್ಚಳದ ಕಾಗದದ ಅಂಚಿಗೆ ಕಂಪನಿಯ ಅಂಟು ಬೆಳ್ಳಗೆ, ಸಮನಾಗಿ ಕಾಣುತ್ತಿತ್ತು. ಅದರ ಮೇಲೆ ಒಂದು ಕಡೆ ತೆಳುವಾದ ಕಂದು ಪದರ. ಅಕ್ಕ ಬೆರಳ ತುದಿಯನ್ನು ನೀರಿಗೆ ಅದ್ದಿ ಅಲ್ಲಿ ಉಜ್ಜಿದರು. ಕಂದು ಪದರ ಮೆತ್ತಗಾಗಿ ಲೋಳೆಯಾಯಿತು. ಬೆರಳನ್ನು ನನ್ನ ಮೂಗಿನ ಹತ್ತಿರ ತಂದರು. ಚಿಕ್ಕಂದಿನಲ್ಲಿ ಹುರಿದು ಜೇಬು ತುಂಬಿಕೊಂಡು ಹೋಗುತ್ತಿದ್ದ ಹುಣಸೆ ಬೀಜದ ನೆನಪು ಬಂತು. ಹಾಗೆಂದೆ. ಅಕ್ಕ ತಲೆದೂಗಿದರು.

ಸುಭಾಷ್ ಹೊರಗೆ ಚಹಾದ ಅಂಗಡಿಯಲ್ಲಿ ಸಿಕ್ಕ. ಅವನ ಚೀಲದ ಬಾಯಿಂದ ಒಂದು ಮರದ ಗಿಣಿ ಇಣುಕುತ್ತಿತ್ತು.

"ಚಂದ ಐತಲ್ಲ," ಎಂದು ಎತ್ತಿಕೊಂಡೆ. ಹಸಿರು ಬಣ್ಣ ಬೆರಳಿಗೆ ಹತ್ತಿತು.

"ಮಗಳಿಗೆ ರೀ," ಎಂದು ಅವನು ಗಿಣಿಯನ್ನು ಇಸಿದುಕೊಂಡ.

ಅಕ್ಕ ಕೇಳಿದರು: "ಆ ಡಬ್ಬಿ ಹೆಂಗ ತಂದಿ?"

"ಗೋಡೌನ್‌ನಾಗ ತಗೊಂಡೆ, ಗಾಡಿ ಹತ್ತಿದೆ, ಸೀದಾ ಬಂದೆ, ರೂಪಾನ ಕೈಗೆ ಕೊಟ್ಟೆ. ನಡುವ ಎಲ್ಲೂ ಇಳಿದಿಲ್ರಿ."

ಪುರಾಣ ಓದುವವರಲ್ಲಿ ಕೆಲವರು ಗೊತ್ತಿಲ್ಲದ ಪದ್ಯವನ್ನು ಹಾರಿಸಿ ಓದುತ್ತಾರೆ. ಹಾರಿಸಿದ ಕಡೆ ದನಿ ಮಾತ್ರ ಅವಸರ ಬೀಳುತ್ತದೆ. ಸುಭಾಷನ ದನಿ 'ಸೀದಾ ಬಂದೆ' ಎನ್ನುವಾಗ ಹಾಗೇ ಬಿತ್ತು. ಸ್ಕೂಟರ್ ಹತ್ತಿರ ಅಕ್ಕನಿಗೆ ಇದನ್ನು ಹೇಳಿದೆ.

"ನಿನ್ನ ಕಿವಿಗೆ ಪೊಲೀಸ್ ನೌಕರಿ ಕೊಡಬೇಕಿತ್ತು," ಎಂದರು.

ವಾರ್ಡಿನಲ್ಲಿ ಬಾಲಪ್ಪ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದ. ಪಕ್ಕದಲ್ಲಿ ಹೆಂಡತಿ ಯಂಕವ್ವ. ಅವಳ ಸೆರಗಿನ ತುದಿಯಲ್ಲಿ ಒಂದು ಗಂಟು ಇತ್ತು.

"ಮಷೀನು ಕೆಟ್ಟೈತಿ, ಆಪರೇಶನ್ ಮುಂದ ಹೋತು ಅಂದ್ರು," ಎಂದ ಬಾಲಪ್ಪ. "ನನ್ನ ಭುಜ ಕೆಟ್ಟು ಎಷ್ಟು ದಿನಾ ಆತು, ಅದನ್ನ ಯಾರೂ ಕೇಳವಲ್ರು. ಮನ್ಯಾಗ ಗರುಡನ ಗೊಂಬಿ ಮಾರಿ ಬಣ್ಣ ಕಾಣದ ಹಂಗ ಕುಂತೈತಿ. ಕುಂಚ ಎತ್ತೀನಂದ್ರ ಕೈ ಮ್ಯಾಲೆ ಬರೂದಿಲ್ಲ."

"ಗೊಂಬಿಗೆ ತೋಳು ಹೆಂಗ ಕೂಡಸ್ತೀರಿ ಯಜಮಾನ್ರ?"

ಅವನ ಮುಖ ಅರಳಿತು. "ಮರದ ಗೂಟ ಹೊಡದು ರೀ. ಗೂಟ ಅಂದ್ರ ಸುಮ್ನಲ್ಲ. ಮೊದಲ ಹನಮಪ್ಪನ ಮುಂದ ಇಡಬೇಕು. ಆಮ್ಯಾಲೆ ಒಂದು ರಾತ್ರಿ..."

"ಸಾಕು ಬಿಡ್ರಿ, ಅಕ್ಕಾರಿಗೆ ನಿಮ್ಮ ಗೊಂಬಿ ಪುರಾಣ ಯಾಕ," ಎಂದಳು ಯಂಕವ್ವ. "ಅಂಟು ಕುದಿಸಿ ಕುದಿಸಿ ನನ್ನ ಕೈ ಸವದಾವು, ಅದನ್ನ ಹೇಳಂಗಿಲ್ಲ ಇವರು."

ಅಕ್ಕ ನಕ್ಕು ಎದ್ದರು. "ಹಂಪಣ್ಣಾ, ಎಲ್ಲಾರನ್ನೂ ಡಾಕ್ಟರ್ ಕೋಣಿಗೆ ಕರಿ."

ಆ ಚಿಕ್ಕ ಕೋಣೆಯಲ್ಲಿ ಕಾಶಿನಾಥರು ಪೊಲೀಸರಿಗೆ ಕೊಡುವ ದೂರನ್ನು ಮುಂದಿಟ್ಟುಕೊಂಡು ಕೂತಿದ್ದರು. ರೂಪಾ ಗೋಡೆಗೆ ಒರಗಿ ನಿಂತಿದ್ದಳು. ಬಾಲಪ್ಪ ದಂಪತಿಗೆ ಕುರ್ಚಿ ಕೊಟ್ಟರು. ಸುಭಾಷ್ ಬಾಗಿಲ ಹತ್ತಿರ ನಿಂತ.

"ಡಾಕ್ಟರ್ರ," ಎಂದು ಅಕ್ಕ ಶುರು ಮಾಡಿದರು, "ಹಿಡಿಕಿ ಇಲ್ಲದ ಮೊಳಿ ನಿಮಗ ಉಪಯೋಗಕ್ಕ ಬರ್ತೈತೇನು?"

"ಇಲ್ಲ. ಅದನ್ನ ಕೂಡಸಾಕ ಆಗೂದಿಲ್ಲ. ಒಮ್ಮೆ ಬಿಚ್ಚಿದ್ರ ಅದು ಶುದ್ಧಾನೂ ಅಲ್ಲ."

"ಅಂದ್ರ ಮಾರಾಕ ಕದ್ದವರು ತಟ್ಟಿ ಸಮೇತ ಒಯ್ತಿದ್ರು. ಇಲ್ಲಿ ಹಿಡಿಕಿ ಬಿಟ್ಟು ಮೊಳಿ ಅಷ್ಟ ತಗೊಂಡಾರ. ಮೈಯೊಳಗ ಹೋಗೂದು ಯಾವುದೋ ಅದಷ್ಟ ಅವರಿಗೆ ಬೇಕಾಗಿತ್ತು. ರೂಪಾಗ ಇದು ಗೊತ್ತಿಲ್ಲದ ಸಂಗತಿ ಅಲ್ಲ. ಆಕಿ ಕದಿಯಾಕಿ ಆಗಿದ್ರ ಇಂಥಾ ಕೆಲಸಕ್ಕ ಬಾರದ ಕಳವು ಮಾಡ್ತಿದ್ದಿಲ್ಲ."

ಕಾಶಿನಾಥರು ಪೆನ್ನಿನ ಮುಚ್ಚಳ ಹಾಕಿದರು.

"ಇನ್ನ ಅಂಟು. ಕಂಪನಿ ಅಂಟು ನೀರಿಗೆ ಬಿಡೂದಿಲ್ಲ. ಇಲ್ಲಿ ಒಂದು ಕಡೆ ಬಿಟ್ಟಿತು. ಹುಣಸಿ ಬೀಜದ ಅಂಟು ಅದು. ಆಸ್ಪತ್ರಿಯೊಳಗ ಅದು ಎಲ್ಲಿರ್ತೈತಿ? ಕಿನ್ನಾಳದಾಗ ಗೊಂಬಿ ಮಾಡೂ ಮನಿಯೊಳಗ ಇರ್ತೈತಿ."

ಬಾಲಪ್ಪ ಹೆಂಡತಿಯ ಕಡೆ ನೋಡಿದ.

"ಆದ್ರ ಡಬ್ಬಿ ಇಲ್ಲಿಗೆ ಬಂದ ಮ್ಯಾಲೆ ಕೀಲಿಯೊಳಗಿತ್ತು. ಅಂದ್ರ ಬರೂ ಮುಂಚೆನ ಅದು ಕಿನ್ನಾಳಕ್ಕ ಹೋಗಿ ಬಂದೈತಿ. ಒಯ್ದವರು ಯಾರು? ಹಂಪಣ್ಣಾ, ಬೆರಳು ತೋರಸು."

ನಾನು ಹಸಿರು ಹತ್ತಿದ ಬೆರಳು ತೋರಿಸಿದೆ.

"ಅಂಗಡ್ಯಾಗ ಮೆರುಗು ಹಾಕದ, ಕೈಗೆ ಹತ್ತೂ ಬಣ್ಣದ ಗಿಣಿ ಮಾರೂದಿಲ್ಲ ಸುಭಾಷ್. ಮಾಡೋರ ಮನಿಯಿಂದ ಎತ್ತಿಕೊಂಡು ಬಂದ್ರ ಮಾತ್ರ ಹಿಂಗ ಹತ್ತತೈತಿ. ನೀನ ಹೇಳ್ತಿಯೋ, ನಾನು ಹೇಳ್ಲೋ?"

ಸುಭಾಷ್ ಚೀಲವನ್ನು ಎದೆಗವಚಿಕೊಂಡ. "ಮೊಳಿ ತರೋನು ನಾನು ಅಂತ ತಿಳಕೊಂಡು ಬಾಲಪ್ಪಜ್ಜ ಫೋನ್ ಮಾಡಿದ್ರು ರೀ. ದೇವರ ಮುಂದ ಒಂದು ರಾತ್ರಿ ಇಟ್ಟು ಕೊಡತೀವಿ ಅಂದ್ರು. ನಮಗ ಡಬ್ಬಿ ಕೈ ಬಿಡಬಾರದು ಅಂತ ಕಟ್ಟುನಿಟ್ಟು ಐತಿ. ಹಿರಿಯರು ಅಂತ ಇಟ್ಟು ಬಂದೆ. ಮುಂಜಾನೆ ಯಂಕವ್ವಮ್ಮ ತಾವ ಬಣ್ಣ ಹಚ್ಚಿದ ಗಿಣಿ ಕೊಟ್ರು. ನೌಕರಿ ಹೋದೀತು ಅಂತ ಸುಮ್ನಾದೆ ರೀ."

"ನಿನ್ನ ನೌಕರಿ ಉಳಸಾಕ ಈ ಹುಡುಗಿ ಜೈಲಿಗೆ ಹೋಗಬೇಕಿತ್ತು?" ಎಂದರು ಅಕ್ಕ. ದನಿ ಏರಲಿಲ್ಲ. ಅವನು ತಲೆ ತಗ್ಗಿಸಿದ.

ನಂತರ ಅಕ್ಕ ಯಂಕವ್ವನ ಮುಂದೆ ಬಂದು ಕೂತರು. "ಯಂಕವ್ವಾ, ಗೂಟಾನ ಹನಮಪ್ಪನ ಮುಂದ ಇಟ್ಟ ಮ್ಯಾಲೆ ಏನ್ ಮಾಡ್ತೀರಿ?"

"ಅದು ಕೂಡೂ ತೋಳಿಗೇ ಕಟ್ಟಿ ಒಂದು ರಾತ್ರಿ ಬಿಡತೀವ್ರಿ. ತನ್ನ ಜಾಗಾ ಅದು ಪರಿಚಯ ಮಾಡ್ಕೋಬೇಕು. ಇಲ್ಲಂದ್ರ ಕೂಡಿದ ತೋಳು ಬಿಡತೈತಿ. ನಮ್ಮ ಅತ್ತಿ ಕಾಲದಿಂದ ಹಂಗ."

"ಈ ಮೊಳಿ?"

ಯಂಕವ್ವ ಸೆರಗಿನ ಗಂಟು ಬಿಚ್ಚಿದಳು. ಅದರೊಳಗೆ ಅರಿಶಿಣ ಬಟ್ಟೆಯ ಇನ್ನೊಂದು ಗಂಟು. ಅದನ್ನೂ ಬಿಚ್ಚಿದಳು. ಕುಂಕುಮ ಹತ್ತಿದ ಪುಟ್ಟ ಮೊಳೆ, ಅದರ ಕಣ್ಣಿಂದ ಹೊರಟ ನೀಲಿ ದಾರ ಸುರುಳಿ ಸುತ್ತಿಕೊಂಡು ಬಟ್ಟೆಯ ನಡುವೆ ಮಲಗಿತ್ತು.

"ಇದು ಇವರ ತೋಳಿಗೆ ಕಟ್ಟಿದ್ದೆ ರೀ. ಡಾಕ್ಟರ್ರು ಬಿಚ್ಚಿ ಒಳಗ ಕೂಡಸ್ತಾರ ಅನ್ಕೊಂಡಿದ್ದೆ. ಈ ಹುಡುಗಿ ಬಿಚ್ಚಿ ಕೊಟ್ಲು. ಮಷೀನು ಕೆಟ್ಟೈತಿ ಅಂದ್ರು, ಮತ್ತ ಕೇಳ್ತಾರ ಅಂತ ಹಿಡಕೊಂಡು ಕುಂತೀನಿ."

"ಮತ್ತ ತಟ್ಟಿ ಯಾಕ ಅಂಟಸಿದ್ರಿ?" ಎಂದು ಡಾಕ್ಟರ್ ಕೇಳಿದರು.

"ಬಿಚ್ಚಿದ್ದನ್ನ ಹಂಗ ಬಿಡಾಕ ನಮ್ಮ ಕೈಗೆ ಬರೂದಿಲ್ರಿ."

ಬಾಲಪ್ಪ ಹೆಂಡತಿಯ ಕಡೆ ತಿರುಗಿದ. "ನಾನು ಪ್ರಸಾದ ಕಟ್ಟ್ಯಾಳ ಅನ್ಕೊಂಡಿದ್ನಲ್ಲೇ."

"ನನ್ನ ಕೈಯಾಗ ಇತ್ತಲ್ರಿ ಅಕ್ಕಾರ," ಎಂದಳು ರೂಪಾ. ಅಳುವೋ ನಗುವೋ, ಎರಡೂ ಒಟ್ಟಿಗೆ ಬಂದವು.

ಕಾಶಿನಾಥರು ದೂರನ್ನು ಹರಿದು ಬುಟ್ಟಿಗೆ ಹಾಕಿದರು. ಎದ್ದು ನಿಂತು ಎಲ್ಲರ ಮುಂದೆ ಹೇಳಿದರು: "ರೂಪಾ, ನನ್ನಿಂದ ತಪ್ಪಾತು. ಮಷೀನು ಕೆಟ್ಟೈತಿ ಅಂತ ಸುಳ್ಳು ಹೇಳದ, ಇದ್ದದ್ದು ಹೇಳಿದ್ರ ಈ ತಾಯಿ ಆವತ್ತ ಗಂಟು ಬಿಚ್ಚತಿದ್ರು."

ಸುಭಾಷ್ ತನ್ನ ಕಂಪನಿಗೆ ಅಲ್ಲೇ ಫೋನ್ ಮಾಡಿ ನಿಜ ಹೇಳಿದ. ಬೈಸಿಕೊಂಡದ್ದು ನಮಗೂ ಕೇಳಿಸಿತು. ಹೊಸ ಮೊಳೆ ಬಂದ ದಿನ ಯಂಕವ್ವ ಮತ್ತೆ ಹಟ ಹಿಡಿದಳು. ಆಗ ರೂಪಾ, ಸೀಲು ಒಡೆಯದ ಡಬ್ಬಿಯನ್ನು ತಾನೇ ಎರಡೂ ಕೈಯಲ್ಲಿ ಹಿಡಿದು ಆಸ್ಪತ್ರೆಯ ಬಾಗಿಲ ಹನುಮಪ್ಪನ ಪಟದ ಮುಂದೆ ನಿಂತಳು. ಯಂಕವ್ವ ಡಬ್ಬಿ ಮುಟ್ಟದೆ ದೂರದಿಂದಲೇ ಆರತಿ ಎತ್ತಿದಳು. "ಪರಿಚಯ ಆತೇನು ಯಂಕವ್ವಮ್ಮ?" ಎಂದು ರೂಪಾ ಕೇಳಿದಳು. "ಆತು, ಒಳಗ ಒಯ್ಯಿ," ಎಂದಳು ಮುದುಕಿ.

ಬೇಸಿಗೆ ಮುಗಿಯುವ ಹೊತ್ತಿಗೆ ಬಾಲಪ್ಪ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದ. ಬಲಗೈಯಲ್ಲಿ ಬಟ್ಟೆ ಸುತ್ತಿದ ಗೊಂಬೆ. ಆ ಕೈಯನ್ನು ತಲೆಗಿಂತ ಮೇಲೆ ಎತ್ತಿ ನಮ್ಮ ಚಾವಣಿಯ ಜಂತಿಯನ್ನು ಮುಟ್ಟಿದ, ಇಳಿಸಿದ, ಮತ್ತೆ ಮುಟ್ಟಿದ.

"ಸಾಕ್ರಿ, ಮನಿ ಬಿದ್ದೀತು," ಎಂದರು ಅಕ್ಕ.

ಬಟ್ಟೆಯೊಳಗೆ ಬೆಟ್ಟ ಹೊತ್ತ ಹನುಮಪ್ಪ ಇದ್ದ. ಬಣ್ಣ ಪೂರ್ತಿ ಒಣಗಿತ್ತು. ಎತ್ತಿದ ತೋಳು ಭುಜಕ್ಕೆ ಕೂಡುವ ಕಡೆ, ಬಣ್ಣದ ಗೆರೆಗಳ ನಡುವೆ ಒಂದು ನೀಲಿ ದಾರದ ತುದಿ ಹೊರಗೆ ಉಳಿದಿತ್ತು.

"ಆ ಮೊಳಿ ಸುಮ್ನ ಯಾಕ ಇರಬೇಕ್ರಿ," ಎಂದ ಬಾಲಪ್ಪ. "ಇದು ರೂಪಾಗ. ನೀವ ಕೊಡ್ರಿ."

ಇಂದಿಗೂ ಆ ಆಪರೇಶನ್ ಕೋಣೆಯ ಬಾಗಿಲ ಮೇಲೆ ಆ ಹನುಮಪ್ಪ ನಿಂತಿದ್ದಾನೆ. ಒಳಗೆ ಹೋಗುವ ಮುಂಚೆ ರೂಪಾ ಒಮ್ಮೆ ಅವನ ಭುಜವನ್ನು ನೋಡುತ್ತಾಳೆ. ತೋಳು ಅಲುಗಿಲ್ಲ.