ಸಿಂಗಟಗೆರೆ ದಿಬ್ಬದ ನಾಲ್ಕು ರೆಕ್ಕೆ

ದಪ್ಪ ಬಟ್ಟೆಯ ಗಂಟೊಂದನ್ನು ನನ್ನ ಹೊಲಿಗೆ ಮಿಷನ್ನಿನ ಮುಂದೆ ಧೊಪ್ಪನೆ ಇಳಿಸಿ ಅವನು ಹೇಳಿದ: "ಇದ್ರಲ್ಲಿ ನಾಲ್ಕು ಹೊಲೀಬೇಕು ಕಣ್ರೀ. ಒಂದು ಕಡೆ ಚೂಪು, ಇನ್ನೊಂದು ಕಡೆ ಅಗಲ. ಉದ್ದ ಹತ್ತು ಅಡಿ."

ನಾನು ಸೂಜಿಯಿಂದ ಕಣ್ಣೆತ್ತಿದೆ. "ಹತ್ತು ಅಡಿ ಲಂಗಾನಾ? ನಿಮ್ಮ ಮನೆಯವ್ರೇನು ತೆಂಗಿನ ಮರಾನಾ?"

ಅವನು ಬೆಪ್ಪಾಗಿ ನಿಂತ. ಆಮೇಲೆ ಎಡಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕ. "ಮನೆಯವ್ರು ಇನ್ನೂ ಬಂದಿಲ್ಲ. ಇದು ನಿಮ್ಮಪ್ಪನ ಬಾವಿ ಫ್ಯಾನಿಗೆ."

ಸಾವಿರದ ಒಂಬೈನೂರ ಎಂಬತ್ತೊಂದನೆಯ ಇಸವಿ, ಯುಗಾದಿ ಆಗಷ್ಟೇ ಕಳೆದಿತ್ತು. ಸಿಂಗಟಗೆರೆಯ ಹೊರಗೆ, ಪಂಚನಹಳ್ಳಿಗೆ ಹೋಗುವ ರಸ್ತೆಯ ಪಕ್ಕದ ದಿಬ್ಬದ ಮೇಲೆ ನಮ್ಮದೊಂದು ಬಾವಿ. ನೀರಿತ್ತು, ಎತ್ತುವುದಕ್ಕೆ ಕರೆಂಟು ಇರಲಿಲ್ಲ. ಬೆಂಗಳೂರಿನ ಯಾವುದೋ ಸಂಸ್ಥೆಯವರು ಗಾಳಿಯಿಂದ ನೀರೆತ್ತುವ ಯಂತ್ರವನ್ನು ಪರೀಕ್ಷೆ ಮಾಡುವುದಕ್ಕೆ ಜಾಗ ಹುಡುಕುತ್ತಿದ್ದರು. ನಮ್ಮಪ್ಪ ಪಂಚಾಕ್ಷರಪ್ಪ, "ದಿಬ್ಬದ ಮೇಲೆ ಗಾಳಿಗೇನು ಬರ, ನಮ್ಮ ಬಾವಿಗೇ ಹಾಕಿ" ಎಂದಿದ್ದರು. ಕಬ್ಬಿಣದ ಗೋಪುರ ಎದ್ದು ನಿಂತಿತು. ಅದರ ನೆತ್ತಿಯಲ್ಲಿ ನಾಲ್ಕು ತೋಳು. ಆ ತೋಳುಗಳಿಗೆ ಕಟ್ಟುವ ಬಟ್ಟೆಯ ರೆಕ್ಕೆಗಳನ್ನು ಹೊಲಿಸಲು ಬಂದಿದ್ದವನು ಯಂತ್ರದ ಮೆಕ್ಯಾನಿಕ್ಕು, ಅಜ್ಜಂಪುರದ ಓಂಕಾರಮೂರ್ತಿ.

ಊರಿನವರಿಗೆ ಅದು ಫ್ಯಾನು. ನನಗೂ ಫ್ಯಾನೇ.

ಆ ಬಟ್ಟೆ ಹೊಲಿಯುವುದರೊಳಗೆ ನನ್ನ ಮಿಷನ್ನಿನ ಸೂಜಿಗಳೆಲ್ಲ ಮುರಿದವು. ಅವನು ಕಡೂರಿಗೆ ಹೋಗಿ ಹೊಸ ಸೂಜಿ ತರುತ್ತಿದ್ದ. ಸೂಜಿಯ ಜೊತೆಗೆ ಒಂದು ಮೊಳ ಕನಕಾಂಬರವೂ ಬರಲು ಶುರುವಾಯಿತು.

"ಸೂಜಿ ಅಂಗಡೀಲಿ ಹೂವೂ ಮಾರ್ತಾರಾ?" ಎಂದು ಕೇಳಿದೆ.

"ಕೇಳಿದ್ರೆ ಕೊಡ್ತಾರೆ."

"ಯಾರಿಗೆ ಅಂತ ಕೇಳಲ್ವಾ?"

"ಕೇಳಿದ್ರು. ಫ್ಯಾನಿಗೆ ಅಂದೆ."

ರೆಕ್ಕೆ ಕಟ್ಟುವ ದಿನ ಬಟ್ಟೆಯ ಮೂಲೆಯ ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿಸಿದ. ಎಳೆದಷ್ಟೂ ಬಿಗಿಯುವ, ಬೇಕೆಂದಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು. ಅವನು ಎಡಚ; ನಾನು ಎದುರಿಗೆ ಕೂತು ಕಲಿತೆ. ಹಾಗಾಗಿ ಅವನ ಗಂಟಿನ ಬಾಲ ಎಡಕ್ಕೆ ಬಿದ್ದರೆ ನನ್ನದು ಬಲಕ್ಕೆ. "ಕನ್ನಡೀಲಿ ನೋಡ್ದಂಗಿದೆ," ಎಂದ ಅವನು, ನನ್ನ ಬೆರಳುಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತ. ನಾಲ್ಕೂ ರೆಕ್ಕೆಗೆ ನನ್ನ ಕೈಯಿಂದಲೇ ಕಟ್ಟಿಸಿದ. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತಿದ್ದನ್ನು ನೋಡಿ, ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಕರಿಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಲೇ ವಿಮಲಾ, ಇಳಿಯೇ! ನಿನ್ನ ಮದ್ವೆ ಮಾಡ್ಕೊಳ್ಳೋನು ಈ ಕಡೆ ಬಂದ್ಗಿಂದಾನು!"

"ಬಂದವ್ನೆ ಬಿಡಜ್ಜಿ," ಎಂದ ಓಂಕಾರ, ಏಣಿ ಹಿಡಿದುಕೊಂಡೇ.

ಗಾಳಿ ಬಂತು, ರೆಕ್ಕೆ ತುಂಬಿತು, ಬಾವಿಯೊಳಗಿನಿಂದ ನೀರು ಕೆಮ್ಮಿಕೊಂಡು ಬಂದು ತೊಟ್ಟಿಗೆ ಬಿತ್ತು. ಅಪ್ಪ ಪಂಚೆ ಎತ್ತಿ ಕಟ್ಟಿ ಅಲ್ಲೇ ಕುಣಿದರು. ಮಾರನೆಯ ವಾರವೇ ಇಡೀ ಒಣ ಹೊಲಕ್ಕೆ ತೆಂಗಿನ ಸಸಿ ಇಟ್ಟರು.

ಅವನ ಹತ್ತಿರ ಒಂದು ಹಳೆಯ ಕ್ಯಾಲೆಂಡರ್ ಇತ್ತು. ಸಂಸ್ಥೆಗೆ ಬಂದಿದ್ದ ಇಂಗ್ಲಿಷ್ ಇಂಜಿನಿಯರೊಬ್ಬರು ಕೊಟ್ಟಿದ್ದು. ಮಧ್ಯಾಹ್ನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಹಾಳೆ ಹಾಳೆಯಾಗಿ ತೋರಿಸುತ್ತಿದ್ದ. ತಿಂಗಳಿಗೊಂದು ಗಾಳಿಗಿರಣಿ.

"ಸಸೆಕ್ಸ್ ಅಂತ. ಇಂಗ್ಲೆಂಡಲ್ಲಿ ಒಂದು ಜಿಲ್ಲೆ, ನಮ್ಮ ಚಿಕ್ಕಮಗಳೂರು ಇದ್ದಂಗೆ."

"ಅಲ್ಲೂ ಕಡೂರು ಇದ್ಯಾ?"

"ಇಲ್ಲ. ಅದಕ್ಕೇ ಅಲ್ಲಿ ಮಳೆ ಬೀಳೋದು."

ಆ ಗಿರಣಿಗಳು ಗೋಧಿ ಬೀಸುತ್ತಿದ್ದವಂತೆ. ಒಂದು ಬಿಳಿ ಗಿರಣಿಯನ್ನು ಬಿಚ್ಚದೆ, ಮನೆಗೆ ಮನೆಯನ್ನೇ ಎಳೆದಂತೆ, ಎತ್ತು ಕಟ್ಟಿ ಗುಡ್ಡ ಹತ್ತಿಸಿದ್ದರಂತೆ. ಅದರ ಪಕ್ಕದಲ್ಲೇ ಒಂದು ಕಪ್ಪು ಗಿರಣಿ. ಎರಡೂ ಗುಡ್ಡದ ಮೇಲೆ ಜೋಡಿಯಾಗಿ ನಿಂತಿದ್ದವು.

"ಕರೀದು ಗಂಡು, ಬಿಳೀದು ಹೆಣ್ಣು," ಎಂದ.

"ಹಂಗಂತ ಕ್ಯಾಲೆಂಡರಲ್ಲಿ ಬರ್ದಿದ್ಯಾ?"

"ನನ್ನ ಕೈ ನೋಡು, ನಿನ್ನ ಕೈ ನೋಡು. ಬರೆಯೋದೇನು ಬಂತು?"

ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಆದರೆ ನಿಧಾನವಾಗಿ ಎಳೆದುಕೊಂಡೆ.

ಆ ನಾಡಿನ ಇನ್ನೊಂದು ಪದ್ಧತಿಯನ್ನೂ ಅವನೇ ಹೇಳಿದ. ಗಿರಣಿಯವನ ಮನೆಯಲ್ಲಿ ಮದುವೆಯಾದರೆ ರೆಕ್ಕೆಗಳನ್ನು ಒಂದು ನೆಟ್ಟಗೆ, ಒಂದು ಅಡ್ಡ, ಕೂಡಿಸುವ ಗುರುತಿನ ಹಾಗೆ ನಿಲ್ಲಿಸಿ ಹೂವು ಕಟ್ಟುತ್ತಿದ್ದರಂತೆ. ಸುತ್ತಲ ಹಳ್ಳಿಯವರೆಲ್ಲ ದೂರದಿಂದಲೇ ನೋಡಿ ಸಂತೋಷಪಡಲಿ ಎಂದು. ಓಂಕಾರ ಬ್ರೇಕಿನ ಹಗ್ಗವನ್ನು ಚೂರು ಚೂರೇ ಎಳೆದು ನಮ್ಮ ಫ್ಯಾನನ್ನೂ ಹಾಗೆ ನಿಲ್ಲಿಸಿ ತೋರಿಸಿದ.

"ನಮ್ಮ ಮದ್ವೆ ದಿನ ಹಿಂಗೇ ನಿಲ್ಲಿಸ್ತೀನಿ ವಿಮಲಾ. ರೋಡಲ್ಲಿ ಹೋಗೋ ಬಸ್ಸಿನೋರೆಲ್ಲ ನೋಡ್ಬೇಕು."

"ಮೊದ್ಲು ಅಪ್ಪನ್ನ ಕೇಳ್ರೀ. ಆಮೇಲೆ ಬಸ್ಸಿನೋರು."

"ಆಷಾಢ ಕಳೀಲಿ. ಶ್ರಾವಣದಲ್ಲಿ ಅಮ್ಮನ್ನ ಕರ್ಕೊಂಡು ಬತ್ತೀನಿ."

ಕಡೂರಿನ ಕೊಬ್ಬರಿ ವ್ಯಾಪಾರಿಗಳ ಮನೆಯಿಂದ ಆಗಲೇ ನನಗೊಂದು ಸಂಬಂಧ ಬಂದಿತ್ತು. ಒಳ್ಳೆಯ ಜನ, ಒಳ್ಳೆಯ ಹುಡುಗ. ಬೇಡ ಎಂದೆ. ಅಪ್ಪ ನನ್ನ ಮುಖವನ್ನೇ ನೋಡಿ, "ಫ್ಯಾನಿನೋನಾ?" ಎಂದರು. ನಾನು ನೆಲ ನೋಡಿದೆ. "ಸರಿ. ಬಾಯಿ ಬಿಟ್ಟು ಕೇಳೋ ಧೈರ್ಯ ಅವ್ನಿಗಿದ್ರೆ ಕೇಳ್ಲಿ," ಎಂದು ಕಡೂರಿನವರಿಗೆ ಇಲ್ಲವೆಂದು ಹೇಳಿಕಳಿಸಿದರು. ಬಂದ ಸಂಬಂಧ ತಿರುಗಿಸಿದ ಮನೆಗೆ ಇನ್ನೊಂದು ಸುಲಭವಾಗಿ ಬರುವುದಿಲ್ಲ. ಅಷ್ಟನ್ನು ನಾನು ತಿಳಿದೇ ಬೇಡವೆಂದಿದ್ದೆ.

ಆಷಾಢ ಬಂತು. ನಮ್ಮ ಸೀಮೆಯ ಆಷಾಢದ ಗಾಳಿ ಹೆಂಚು ಹಾರಿಸುತ್ತದೆ. ಆ ಗಾಳಿಯಲ್ಲಿ ಒಂದು ದಿನ ಬೆಂಗಳೂರಿನಿಂದ ಇಂಜಿನಿಯರ್ ಅನಂತಪದ್ಮನಾಭ ಫ್ಯಾನು ನೋಡಲು ಬಂದರು.

ಅವತ್ತು ಫ್ಯಾನು ತಿರುಗಲಿಲ್ಲ ಎನ್ನಲಾರೆ; ಊಟ ಹೆಚ್ಚಾದವರು ಅಂಗಳದಲ್ಲಿ ಓಡಾಡುವ ಹಾಗೆ ತಿರುಗಿತು. ಬಟ್ಟೆ ಪಟಪಟ ಬಡಿದುಕೊಂಡಿತೇ ಹೊರತು ಗಾಳಿ ಹಿಡಿಯಲಿಲ್ಲ. ನೀರು ದಾರದಷ್ಟು ಸಣ್ಣಗೆ ಬಂತು.

"ನಾನ್ ಹೇಳಿದ್ನಲ್ಲ ಸಾರ್. ಈ ದಿಬ್ಬದಲ್ಲಿ ಗಾಳಿ ಸುತ್ತುತ್ತೆ, ನೇರಕ್ಕೆ ಬರಲ್ಲ," ಎಂದ ಓಂಕಾರ.

ಇಂಜಿನಿಯರು ಆ ಸಣ್ಣ ನೀರಿಗೆ ಕೈಯೊಡ್ಡಿ ನೋಡಿದರು. "ಇರೋದು ಒಂದೇ ಮಿಷನ್ನು ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಪಂಚನಹಳ್ಳಿ ಸೋಮಶೇಖರಪ್ನೋರು ಜಾಗ ಕೊಡ್ತೀವಿ ಅಂತಿದಾರೆ. ಬರೋ ಸೋಮವಾರ ಗಾಡಿ ತರಿಸಿ ಅಲ್ಲಿಗೆ ಸಾಗಿಸ್ತೀವಿ."

ಅಪ್ಪ ತೆಂಗಿನ ಸಸಿಗಳ ಕಡೆ ನೋಡಿದರು. ಓಂಕಾರ ನನ್ನ ಹತ್ತಿರ ಬಂದು, "ಏನ್ಮಾಡ್ಲಿ, ಸಾಹೇಬ್ರೇ ಕಣ್ಣಾರೆ ನೋಡ್ಬಿಟ್ರು" ಎಂದ. ಅವನ ಕಣ್ಣು ನನ್ನ ಕಣ್ಣಿಗೆ ಸಿಗಲಿಲ್ಲ. ಪಾಪ, ಅವನಿಗೂ ದುಃಖ ಎಂದುಕೊಂಡೆ.

ನನ್ನನ್ನು ಕೊರೆದದ್ದು ಬೇರೆ. ರೆಕ್ಕೆ ಹೊಲಿದವಳು ನಾನು. ಗಾಳಿ ಹಿಡಿಯಲಿಲ್ಲವೆಂದರೆ ನನ್ನ ಹೊಲಿಗೆಯದೇ ತಪ್ಪಿರಬೇಕು. ಮಾರನೆಯ ದಿನ ಸೂಜಿ ದಾರ ತೆಗೆದುಕೊಂಡು ಏಣಿ ಹತ್ತಿದೆ.

ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಹಗ್ಗ ನೋಡಿದೆ. ನಮ್ಮ ಕೆಂಪು ಧೂಳು ಕೂತು ಹಗ್ಗವೆಲ್ಲ ಕೆಂಪಾಗಿತ್ತು. ಒಂದು ಕಡೆ ಮಾತ್ರ ಬೆಳ್ಳಗೆ ಇತ್ತು. ರೆಕ್ಕೆ ಕಟ್ಟಿದ ದಿನದಿಂದ ನನ್ನ ಗಂಟು ಕೂತಿದ್ದ ಜಾಗ ಅದು. ಈಗ ಗಂಟು ಅಲ್ಲಿರಲಿಲ್ಲ. ಒಂದು ಗೇಣು ಈಚೆಗೆ, ಬಟ್ಟೆ ಸಡಿಲ ಬೀಳುವ ಹಾಗೆ, ಹೊಸ ಗಂಟು ಕೂತಿತ್ತು. ನಾಲ್ಕೂ ರೆಕ್ಕೆಯಲ್ಲಿ ಹಾಗೇ.

ಆ ಗಂಟುಗಳ ಬಾಲ ಎಡಕ್ಕಿತ್ತು.

ಯಾಕೆ ಎಂಬುದು ಏಣಿಯ ಮೇಲೆ ತಿಳಿಯಲಿಲ್ಲ. ಅದನ್ನು ಕರಿಯಮ್ಮ ತಂದಳು. ಅವಳ ಮಗಳನ್ನು ಕೊಟ್ಟಿದ್ದು ಪಂಚನಹಳ್ಳಿಗೆ. ನನ್ನ ಪಕ್ಕ ಕೂತು, ನನ್ನ ಬೆನ್ನು ಸವರುತ್ತ ಹೇಳಿದಳು: "ಮಗಾ, ಸೋಮಶೇಖರಪ್ನ ಮಗಳಿಗೆ ಗಂಡು ಗೊತ್ತಾಗೈತಂತೆ ಕಣೇ. ಶ್ರಾವಣದಲ್ಲಿ ಮದ್ವೆ. ಗಂಡು... ನಮ್ಮ ಫ್ಯಾನಿನೋನೇ ಅಂತೆ."

ಭಾನುವಾರ ಅವನು ಯಂತ್ರ ಬಿಚ್ಚುವ ಸಾಮಾನು ಹೊತ್ತುಕೊಂಡು ಬಂದ. ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದೆ.

"ಬಾಲ ಎಡಕ್ಕಿರೋ ಗಂಟು ಯಾರು ಹಾಕಿದ್ದು?"

ಅವನು ಸ್ಪ್ಯಾನರ್ ಚೀಲವನ್ನು ಕೆಳಗಿಟ್ಟ. "ಗಾಳಿ ಜೋರಿತ್ತಲ್ಲ. ಬಟ್ಟೆ ಹರಿದೀತು ಅಂತ ಸಡಿಲ ಬಿಟ್ಟೆ."

"ಮೊನ್ನೆ ಮೊನ್ನೆವರ್ಗೂ ಹರೀದೇ ಇದ್ದದ್ದು ಸಾಹೇಬ್ರು ಬಂದ ದಿನ ಹರೀತಿತ್ತಾ?"

ಅವನು ಚೀಲದ ಪಕ್ಕ ಕುಕ್ಕರಗಾಲಲ್ಲಿ ಕೂತ. ತಲೆ ತಗ್ಗಿಸಿ ಹೇಳಿದ: "ಈ ಸ್ಕೀಮು ಮುಗುದ್ರೆ ನಾನು ಬೀದೀಲಿ ವಿಮಲಾ. ಸೋಮಶೇಖರಪ್ನೋರು ಕಡೂರಲ್ಲಿ ವೆಲ್ಡಿಂಗ್ ಅಂಗಡಿ ಹಾಕ್ಕೊಡ್ತೀನಿ ಅಂದ್ರು. ಮಗಳ್ನೂ ಕೊಡ್ತೀನಿ ಅಂದ್ರು. ಫ್ಯಾನು ಅವ್ರ ತೋಟಕ್ಕೆ ಬಂದ್ರೆ ನಾಲ್ಕು ಜನ ನೋಡ್ತಾರೆ ಅಂತ ಅವ್ರಿಗೆ ಆಸೆ. ನಾನು... ನಿಂಗೆ ಹೇಳ್ಬೇಕು ಅಂತಾನೇ ಇದ್ದೆ."

"ಬಂದು ಹೇಳಿದ್ರೆ ಅಳ್ತಿದ್ದೆ. ಆಮೇಲೆ ಕಣ್ಣೊರೆಸ್ಕೊಂಡು, ಹೋಗು ಅಂತಿದ್ದೆ. ನನ್ನ ಬಿಡೋದು ನಿನ್ನಿಷ್ಟ. ನಮ್ಮಪ್ಪನ ನೀರು ಯಾಕೆ ತಪ್ಪಿಸ್ದೆ?"

ಅವನಿಗೆ ನಾನು 'ನೀನು' ಎಂದದ್ದು ಅದೇ ಮೊದಲು. ಮದುವೆಯಾದ ಮೇಲೆ, ಯಾರೂ ಇಲ್ಲದಾಗ, ಒಮ್ಮೆ ಅನ್ನಬೇಕೆಂದು ಆ ಮಾತನ್ನು ಎತ್ತಿಟ್ಟುಕೊಂಡಿದ್ದೆ. ಹೀಗೆ ಖರ್ಚಾಯಿತು.

ಅವನು ತಲೆ ಎತ್ತಿದ. ಕಣ್ಣಲ್ಲಿ ನೀರಿತ್ತು, ಇರಲಿಲ್ಲವೆನ್ನುವುದಿಲ್ಲ. ಆದರೆ ಕೇಳಿದ್ದು ಇದು: "ಸಾಹೇಬ್ರಿಗೆ ಹೇಳ್ತೀಯಾ?"

ನನ್ನನ್ನು ಕಳೆದುಕೊಳ್ಳುವ ಭಯ ಅವನಿಗಿರಲಿಲ್ಲ ಎಂದು ಆಗ ತಿಳಿಯಿತು. ಎದ್ದು ಮನೆಗೆ ಬಂದೆ.

ಹೇಳಿದರೆ ಅವನ ಕೆಲಸ ಹೋಗುತ್ತದೆ, ಮದುವೆಯೂ ಮುರಿಯುತ್ತದೆ. ಆಗ ಬೇರೆ ದಾರಿಯಿಲ್ಲದೆ ನನ್ನ ಹತ್ತಿರವೇ ಬಂದರೂ ಬಂದಾನು. ಆ ಯೋಚನೆ ನನಗೂ ಬಂತು. ಆದರೆ ದಾರಿಯಿಲ್ಲದೆ ಬಂದವನನ್ನು ದಿನಾ ಎದುರಿಗೆ ಕೂರಿಸಿಕೊಂಡು ಊಟ ಬಡಿಸುವುದು ಹೇಗೆ? ಹೇಳದಿದ್ದರೆ ನೀರು ಹೋಗುತ್ತದೆ. ಅಪ್ಪ ಸಸಿಗಳ ಮಧ್ಯೆ ಓಡಾಡುತ್ತಿರುವುದು ಬಾಗಿಲಿನಿಂದ ಕಾಣುತ್ತಿತ್ತು.

ಸೋಮವಾರ ಬೆಳಕು ಹರಿಯುತ್ತಲೇ ಕರಿಯಮ್ಮನನ್ನು ಕರೆದುಕೊಂಡು ದಿಬ್ಬಕ್ಕೆ ಹೋದೆ. ಅವಳು ಬ್ರೇಕಿನ ಹಗ್ಗ ಹಿಡಿದಳು, ನಾನು ಏಣಿ ಹತ್ತಿದೆ. ಎಡ ಬಾಲದ ಗಂಟುಗಳನ್ನು ಒಂದೊಂದೇ ಎಳೆದು ಬಿಚ್ಚಿದೆ. ಕಲಿಸಿದ್ದು ಸುಳ್ಳಲ್ಲ, ಒಂದೇ ಎಳೆತಕ್ಕೆ ಬಿಚ್ಚಿಕೊಂಡವು. ಹಗ್ಗದ ಬೆಳ್ಳಗಿನ ಜಾಗ ಹುಡುಕಿ, ಅಲ್ಲೇ ನನ್ನ ಗಂಟು ಬಿಗಿದೆ. ಕೆಳಗಿಳಿದು, "ಬಿಡಜ್ಜಿ" ಎಂದೆ.

ಇಂಜಿನಿಯರ ಜೀಪು, ಅದರ ಹಿಂದೆ ಸೋಮಶೇಖರಪ್ಪನ ಎತ್ತಿನ ಗಾಡಿಗಳು ಬರುವ ಹೊತ್ತಿಗೆ ತೊಟ್ಟಿ ತುಂಬಿ ಹರಿಯುತ್ತಿತ್ತು. ನೀರಿನ ಸದ್ದಿಗೆ ಎತ್ತುಗಳು ಕತ್ತು ಚಾಚಿದವು. ಅನಂತಪದ್ಮನಾಭ ಜೀಪಿನಿಂದ ಇಳಿದು ಫ್ಯಾನು ನೋಡಿದರು, ಓಂಕಾರನನ್ನು ನೋಡಿದರು.

"ಏನಪ್ಪಾ ಇದು?"

ಓಂಕಾರ ನನ್ನ ಕಡೆ ನೋಡಿದ. ಅವನ ಬದಲು ನಾನೇ ಹೇಳಿದೆ: "ಹಗ್ಗ ಸಡಿಲಾಗಿತ್ತು ಸಾರ್. ಗಂಟು ಹಾಕೋದು ಇವರೇ ಕಲಿಸಿದ್ರು. ಇವತ್ತು ನಾನು ಬಿಗಿದೆ."

ಅದರಲ್ಲಿ ಸುಳ್ಳೊಂದೂ ಇರಲಿಲ್ಲ. ಇಂಜಿನಿಯರು ಒಂದು ಬೊಗಸೆ ನೀರು ಕುಡಿದು, "ಇದನ್ನ ಬಿಚ್ಚೋದು ಪಾಪ" ಎಂದರು. ಗಾಡಿಗಳು ಖಾಲಿ ತಿರುಗಿದವು.

ಎಲ್ಲರೂ ಹೋದ ಮೇಲೆ ಓಂಕಾರ ಉಳಿದ. "ನನ್ನ ಮಾನ ಉಳಿಸಿದೆ."

"ನಾನು ಉಳಿಸಿದ್ದು ನಮ್ಮ ಸಸೀನ. ಅದ್ರ ಬುಡದಲ್ಲಿ ನಿಮ್ಮ ಮಾನಕ್ಕೂ ನೀರು ಬಿತ್ತು, ಅಷ್ಟೇ," ಎಂದೆ. ಮತ್ತೆ 'ನೀವು' ಆಗಿದ್ದ ಅವನು. ಅದು ಅವನಿಗೂ ಕೇಳಿಸಿತು.

ಫ್ಯಾನು ಬಾರದಿದ್ದರೂ ಸೋಮಶೇಖರಪ್ಪ ಮಗಳನ್ನು ಕೊಟ್ಟರು. ಕೊಟ್ಟ ಮಾತಿಗೆ ತಪ್ಪುವ ಮನೆತನವಲ್ಲ ಅವರದು.

ಅಜ್ಜಂಪುರದಿಂದ ಗಂಡಿನ ಕಡೆಯ ಬಸ್ಸು ಪಂಚನಹಳ್ಳಿಗೆ ಹೋಗಬೇಕಾದರೆ ನಮ್ಮ ದಿಬ್ಬದ ಕೆಳಗೇ ಹಾಯಬೇಕು. ಮದುವೆಯ ದಿನ ಬೆಳಿಗ್ಗೆ ಫ್ಯಾನು ನಿಲ್ಲಿಸಿದೆ. ಬ್ರೇಕಿನ ಹಗ್ಗವನ್ನು ಚೂರು ಚೂರೇ ಎಳೆದು, ಬಿಟ್ಟು, ಮತ್ತೆ ಎಳೆದು, ಒಂದು ನೆಟ್ಟಗೆ, ಒಂದು ಅಡ್ಡ ನಿಲ್ಲುವ ಹಾಗೆ ಮಾಡಿದೆ. ಏಣಿ ಹತ್ತಿ ನಾಲ್ಕೂ ತೋಳಿಗೆ ಚೆಂಡುಹೂವಿನ ಮಾಲೆ ಕಟ್ಟಿದೆ. ಶಾಪ ಹಾಕುವುದಕ್ಕಲ್ಲ. ಅವನಾಡಿದ ಮಾತಿನಂತೆ ಇಬ್ಬರಲ್ಲಿ ಒಬ್ಬರಾದರೂ ನಡೆಯಲಿ ಎಂದು.

ಬಸ್ಸು ಬಂತು. ದಿಬ್ಬದ ಕೆಳಗೆ ನಿಧಾನ ಮಾಡಿತು. ಹೆಂಗಸರು, ಮಕ್ಕಳು ಕಿಟಕಿಯಿಂದ ಕೈ ತೋರಿಸಿ, "ಅಲ್ನೋಡ್ರೇ, ಫ್ಯಾನಿಗೆ ಹೂವು!" ಎಂದು ಕೂಗಿದರು. ಮುಂದಿನ ಕಿಟಕಿಯಲ್ಲಿ ರೇಷ್ಮೆ ಪೇಟದ ಮುಖವೊಂದು ಮೇಲಕ್ಕೆ ನೋಡಿತು. ನೋಡುತ್ತಲೇ ಇತ್ತು. ಬಾಯಿಗೆ ಎಡಗೈ ಅಡ್ಡ ಬಂತು. ಈ ಸಲ ನಗುವುದಕ್ಕಲ್ಲ.

ಬಸ್ಸು ಮರೆಯಾಗುವವರೆಗೆ ನಿಂತಿದ್ದೆ. ಹಿಂದಿನಿಂದ ಕರಿಯಮ್ಮ ಬಂದಳು. "ಯಾಕವ್ವಾ ನಿಲ್ಲಿಸಿದ್ದೀಯ?"

"ಎಣ್ಣೆ ಬಿಡೋಕೆ ಅಜ್ಜಿ."

ಅವಳು ಹೂವನ್ನು ನೋಡಿದಳು, ನನ್ನನ್ನು ನೋಡಿದಳು. "ಹೂಂ, ಬಿಟ್ಟಿದ್ದಾಯ್ತಲ್ಲ. ಬಾ," ಎಂದು ತಾನೂ ಹಗ್ಗಕ್ಕೆ ಕೈ ಹಾಕಿದಳು.

ಬ್ರೇಕು ಬಿಟ್ಟೆವು. ರೆಕ್ಕೆ ತುಂಬಿಕೊಂಡಿತು. ಚೆಂಡುಹೂವು ಎಸಳು ಎಸಳಾಗಿ ಹಾರಿ ನಮ್ಮಿಬ್ಬರ ತಲೆಯ ಮೇಲೂ ಬಿತ್ತು.

ಕೆಳಗಿನ ಹೊಲದಿಂದ ಅಪ್ಪ ಕೂಗಿದರು: "ನೀರು ಬಂತೇನಮ್ಮಾ?"

"ಬಂತಪ್ಪಾ," ಎಂದೆ. ಕೆನ್ನೆ ಒರೆಸಿಕೊಂಡು, ಸಸಿಗಳ ಕಡೆಗೆ ಕಾಲುವೆ ತಿರುಗಿಸಿದೆ.