ಪಕ್ಕದ ಸೀಟಿನ ಮೂಟೆ

"ಐವತ್ತೊಂದು ಕೇಜಿ!"

ಜೋಳದ ಮೂಟೆ ತೂಗಿದ ಹಾಗೇ ಕೂಗಿಬಿಟ್ಟ ಕಾಳಿನ ಅಂಗಡಿ ಹನುಮಣ್ಣ. ತೂಕದ ಮಷಿನ್ ಸರಿಯಿದೆಯಾ ನೋಡೋಣ ಅಂತ ಹತ್ತಿ ನಿಂತಿದ್ದ ಅಮೃತಾಳಿಗೆ ನಾಚಿಕೆಯಾಗಿ ಸಾಕಾಯಿತು. ಅದೇ ಹೊತ್ತಿಗೆ ಎದುರಿಗೆ ಬಂದು ನಿಂತಿತು ಒಂದು ಕೆಂಪು ಕಾರು!

ಅಬ್ಬಬ್ಬಾ... ಎಂಥ ಕಾರು! ಕೂಡ್ಲಿಗಿ ಅಂಥದ್ದನ್ನು ಕಂಡೇ ಇರಲಿಲ್ಲ. ಎರಡೇ ಸೀಟು. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಷ್ಟು ತಗ್ಗು. ಒಳಗಿದ್ದ ಕೊಟ್ಟೂರಿನ ಕೊಟ್ರಸ್ವಾಮಿ, ಹನುಮಣ್ಣನ ಕೂಗು ಕೇಳಿ ನಗು ತಡೆಯಲಾಗದೆ ಸ್ಟೇರಿಂಗ್ ಮೇಲೆ ತಲೆಯಿಟ್ಟಿದ್ದ.

"ನಗಬ್ಯಾಡ್ರಿ! ನಿಮ್ಮ ಗಾಡಿ ಎಡಕ್ಕ ಎಳೀತೈತಿ, ಮೊದ್ಲು ಅದನ್ನ ನೋಡ್ಕೊಳ್ರಿ!"

"ಅದಕ್ಕ ಬಂದೀನ್ರಿ... ಗ್ಯಾರೇಜ್ ಎಲ್ಲೈತ್ರಿ?"

ಗ್ಯಾರೇಜ್ ಅವಳ ಅಪ್ಪ ವೀರಭದ್ರಯ್ಯನದೇ, ಪಕ್ಕದಲ್ಲೇ. ಇಂಜಿನ್ ಕೆಲಸ ಅಪ್ಪನದು, ಚಕ್ರದ ಕೆಲಸ ಮಗಳದು.

ಆಮೇಲೆ ಕೇಳಬೇಕಾ? ರಸ್ತೆಯ ಹಂಪ್ ಒಂದೊಂದಕ್ಕೂ ಕಾರಿನ ತಳ ತಾಗುವುದು, ಕೊಟ್ರಸ್ವಾಮಿ ಓಡಿ ಬರುವುದು. ಅವಳು ಸ್ಪ್ರಿಂಗಿನ ರಿಂಗ್ ತಿರುವಿ ಕಾರಿನ ಎತ್ತರ ಹೊಂದಿಸುತ್ತಿದ್ದರೆ ಅವನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕಣ್ಣರಳಿಸಿ ನೋಡುತ್ತಿದ್ದ. ಮಾತಿಗೆ ಮಾತು ಬೆಳೆಯಿತು. ಹುಡುಗಿಯ ಮನಸ್ಸು ಯಾವಾಗ ಆ ಕಾರಿನ ಹಿಂದೆ ಹೋಯಿತೋ, ಅವಳಿಗೇ ತಿಳಿಯಲಿಲ್ಲ!

ಮಳೆಗಾಲ ಮುಗಿದ ಮೇಲೆ ಒಂದು ದಿನ ಅವನು ಬಾಯಿ ಕಟ್ಟಿದ ಮೂಟೆಯೊಂದನ್ನು ತಂದು ಎಡಗಡೆ ಸೀಟಿನಲ್ಲಿ ಕೂರಿಸಿದ.

"ಇವತ್ತು ಇಬ್ಬರ ತೂಕಕ್ಕ ಗಾಡಿ ಹೊಂದಸ್ರಿ. ಪಕ್ಕದಾಗ ಕುಂದ್ರಾಕಿ ಇಷ್ಟ ತೂಕ ಅದಾಳ."

"ಯಾರ್ರಿ ಆಕಿ?"

"ನನ್ನ ಹೇಣ್ತಿ ಆಗಾಕಿ."

ಅಮೃತಾಳ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು. 'ಅಯ್ಯೋ... ನಾನೆಂಥ ದಡ್ಡಿ! ಇವನು ಬರುತ್ತಿದ್ದುದು ಬರೀ ಗಾಡಿಗೆ!'

ಆದರೂ ಕೆಲಸ ಕೆಡಿಸುವ ಜಾಯಮಾನ ಅವಳದಲ್ಲ. ತೂಕ ಬಿದ್ದರೆ ಕಾರು ತಗ್ಗುತ್ತದೆ, ತಗ್ಗಿದರೆ ಚಕ್ರದ ಮುಖ ತಿರುಗುತ್ತದೆ. ಅವನನ್ನೂ ಸೀಟಿನಲ್ಲಿ ಕೂರಿಸಿದಳು. ಮೊದಲು ಎತ್ತರ ಸರಿಮಾಡಿದಳು. ಆಮೇಲೆ ಕಾರಿನ ಎರಡೂ ಬದಿಗೆ ಉದ್ದಕ್ಕೂ ದಾರ ಬಿಗಿದು, ದಾರಕ್ಕೂ ಚಕ್ರಕ್ಕೂ ನಡುವಿನ ಅಂತರ ಅಳೆದಳು. ಕಣ್ಣಲ್ಲಿ ನೀರು ತುಂಬಿ ದಾರ ಎರಡೆರಡಾಗಿ ಕಾಣುತ್ತಿತ್ತು. ಒರೆಸಿಕೊಂಡು ಮತ್ತೆ ಅಳೆದಳು. ಯಾವಳೋ ಒಬ್ಬಳು ಸುಖವಾಗಿ ಕೂರಲಿ ಅಂತ!

ಕೆಲಸ ಮುಗಿಯಿತು. ಅವನು ಅಪ್ಪನ ಜೊತೆ ಚಹಾ ಕುಡಿಯಲು ಒಳಗೆ ಹೋದ.

ಹೊಟ್ಟೆಕಿಚ್ಚು ಸುಮ್ಮನಿರಲು ಬಿಡುತ್ತದಾ? 'ಎಷ್ಟು ತೂಕ ಇದ್ದಾಳೋ ನೋಡೇಬಿಡುತ್ತೇನೆ!' ಮೂಟೆಯನ್ನು ದರದರ ಎಳೆದುಕೊಂಡು ಹೋಗಿ ಹನುಮಣ್ಣನ ಮಷಿನ್ ಮೇಲೆ ಕೆಡವಿದಳು.

ಹನುಮಣ್ಣ ಮುಳ್ಳು ನೋಡಿ, ಎಂದಿನಂತೆ ಗಂಟಲು ಹರಿಯುವ ಹಾಗೆ ಕೂಗಿದ.

"ಐವತ್ತೊಂದು ಕೇಜಿ!"

ಅಮೃತಾ ನಿಂತಲ್ಲೇ ನಿಂತಳು. ಮುಳ್ಳನ್ನು ನೋಡಿದಳು, ಮೂಟೆಯನ್ನು ನೋಡಿದಳು. ಮೊದಲ ದಿನ ಕೇಳಿ ನಕ್ಕಿದ್ದ ತನ್ನ ತೂಕವನ್ನು ಇವನು ಇಷ್ಟು ದಿನ ಮನಸ್ಸಲ್ಲಿ ಇಟ್ಟುಕೊಂಡಿದ್ದನೇ... ದೇವರೇ!

"ಬಾಯಿ ಬಿಟ್ಟು ಹೇಳಾಕ ಧೈರ್ಯ ಸಾಲ್ಲಿಲ್ರಿ." ಹಿಂದೆ ಕೊಟ್ರಸ್ವಾಮಿ ನಿಂತಿದ್ದ. "ನಿಮ್ಮ ಅಪ್ಪಾರನ್ನ ಈಗ ಕೇಳಿದೆ. ಆಕಿನ್ನ ಕೇಳಪಾ ಅಂದ್ರು."

"ಮೂಟಿ ತಂದು ಹೆಣ್ಣು ಕೇಳ್ತಾರೇನ್ರಿ ಯಾರರ!"

ಬೈಯುತ್ತಲೇ ಅತ್ತಳು, ಅಳುತ್ತಲೇ ನಕ್ಕಳು. ಆಮೇಲೆ ಸರಸರ ಹೋಗಿ ಕಾರಿನ ಎಡಗಡೆ ಸೀಟಿನಲ್ಲಿ ಕೂತೇಬಿಟ್ಟಳು. ಅವನೂ ಬಂದು ಪಕ್ಕದಲ್ಲಿ ಕೂತ. ಒಳಗಿಂದ ಬಂದ ವೀರಭದ್ರಯ್ಯ ಬಗ್ಗಿ, ಒಂದು ಕಣ್ಣು ಮುಚ್ಚಿ, ಇನ್ನೂ ಬಿಚ್ಚದ ದಾರಕ್ಕೂ ಚಕ್ರಕ್ಕೂ ನಡುವಿನ ಅಂತರ ನೋಡಿದ. ಮತ್ತೊಮ್ಮೆ ನೋಡಿದ.

"ಶಿವನೇ... ಒಂದು ಕೂದಲೆಳಿನೂ ಕದಲಿಲ್ಲ!"

ಅವಳು ಮೆಲ್ಲಗೆ ಕೇಳಿದಳು: "ಮುಂದ ನಾ ದಪ್ಪಾದ್ರ ಏನ್ ಮಾಡ್ತೀರಿ?"

"ಮತ್ತ ದಾರ ಕಟ್ಟೂನು."